ಜವರನ ಬಲಗೈ

ನಮ್ಮೂರಿನಲ್ಲಿ ಗಂಡು ನೋಡಲು ಹೋದವರು ಮೊದಲು ಕೇಳುವುದು ಜಾತಕವನ್ನಲ್ಲ, ಹುಡುಗನ ಅಂಗೈಯನ್ನು. ಹೆಣ್ಣಿನ ಸೋದರಮಾವ ಕಾಫಿ ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡು, ಹುಡುಗನ ಬಲಗೈಯನ್ನು ತನ್ನ ಕಿವಿಗೆ ಒತ್ತಿಕೊಳ್ಳುತ್ತಾನೆ. ಒಳಗೆ ಯಾರ ದನಿಯೂ ಇಲ್ಲದಿದ್ದರೆ ಸರಿ, ಉಪ್ಪಿಟ್ಟು ಬರುತ್ತದೆ. ಇದ್ದರೆ ಯಾರದು, ಯಾವಾಗಿನದು, ಯಾಕೆ ಇನ್ನೂ ಇದೆ ಎಂದು ವಿಚಾರಣೆ ಶುರುವಾಗುತ್ತದೆ. ನಮ್ಮಲ್ಲಿ ಸಿಟ್ಟಿನಿಂದ ಯಾರಿಗಾದರೂ ಹೊಡೆದರೆ, ಏಟು ಬೀಳುವ ಹೊತ್ತಿಗೆ ಹೊಡೆಸಿಕೊಂಡವರ ಬಾಯಲ್ಲಿದ್ದ ಮಾತು ಹೊಡೆದ ಕೈಯಲ್ಲಿ ಉಳಿದುಬಿಡುತ್ತದೆ. ಕೋಲಿನಲ್ಲಿ ಹೊಡೆದರೂ ಅಷ್ಟೇ, ಕೋಲು ಹಿಡಿದ ಕೈಗೆ ಬರುತ್ತದೆ. ಬೇರೆ ಊರುಗಳಲ್ಲಿ ಹೀಗಿಲ್ಲವಂತೆ. ಅಲ್ಲಿಯ ಜನ ತಾವು ಯಾರಿಗೆ ಹೊಡೆದೆವು ಎಂಬುದನ್ನು ಹೇಗೆ ನೆನಪಿಟ್ಟುಕೊಳ್ಳುತ್ತಾರೋ ನನಗೆ ತಿಳಿಯದು.

ದನಿ ಹೋಗಲು ಒಂದೇ ದಾರಿ. ಹೊಡೆಸಿಕೊಂಡವರ ಎದುರು ಕೂತು, ನಾನು ಹೀಗೆ ಹೊಡೆದೆ ಎಂದು ನೆಪ ಹೇಳದೆ ಒಪ್ಪಿಕೊಳ್ಳಬೇಕು. ಅವರು ಸತ್ತಿದ್ದರೆ ಅವರ ಒಡಹುಟ್ಟಿದವರ ಎದುರು, ಅಥವಾ ಹೆತ್ತವರ ಎದುರು. 'ಹೊಡೆದೆ, ಆದ್ರೆ ನೀನೂ ಬೈದೆಯಲ್ಲ' ಎಂದರೆ ಆಗದು, ದನಿ ಅಲ್ಲೇ ಇರುತ್ತದೆ. ಮಕ್ಕಳಿಗೆ ಎರಡೇಟು ಬಿಟ್ಟ ತಾಯಂದಿರು ಮುದ್ದೆ ಕಟ್ಟಲು ಕೂತರೆ ಅಂಗೈಯಲ್ಲಿ 'ಇನ್ನಿಲ್ಲಮ್ಮಾ' ಎಂದು ಗುಂಯ್‌ಗುಡುತ್ತಿರುತ್ತದೆ, ಸಂಜೆಯೊಳಗೆ ಮಗುವನ್ನು ಕರೆದು ತಪ್ಪೊಪ್ಪಿಕೊಂಡು ಕೈ ಹಗುರ ಮಾಡಿಕೊಳ್ಳುತ್ತಾರೆ. ನಮ್ಮ ಬೀದಿಯ ಪುಟ್ಟಕ್ಕಜ್ಜಿ ಮಾತ್ರ ಒಪ್ಪಿಕೊಂಡಿರಲಿಲ್ಲ. ಮಗಳು ಯಾರ ಜೊತೆಗೋ ಊರು ಬಿಟ್ಟುಹೋದ ದಿನ ಅವಳ ಕೆನ್ನೆಗೆ ಹೊಡೆದಿದ್ದಳು. ಅಜ್ಜಿ ದಿನವೂ ಜಗುಲಿಯ ಮೇಲೆ ಅಂಗೈಯನ್ನು ಕಿವಿಗೆ ಇಟ್ಟುಕೊಂಡು ಕೂರುತ್ತಿದ್ದಳು. ಮಗಳು ಒಮ್ಮೆ ಹಬ್ಬಕ್ಕೆ ಬಂದಾಗಲೂ ಹೊಡೆದ ವಿಷಯ ಎತ್ತಲಿಲ್ಲ. ಎತ್ತಿದರೆ ದನಿ ಹೋಗುತ್ತದಲ್ಲ ಎಂದು ಹೆದರಿಕೆ. ಊರವರು ಅವಳನ್ನು ಮೊಂಡು ಮುದುಕಿ ಎನ್ನುತ್ತಿದ್ದರು. ನನಗೆ ಅವಳನ್ನು ಕಂಡರೆ ಹೊಟ್ಟೆಕಿಚ್ಚು.

ನಾನು ಚೆನ್ನಾಜಿ. ಟೈಲರ್. ಜಾಕೀಟು, ಲಂಗ ಹೊಲಿಯುತ್ತೇನಾದರೂ ನನ್ನ ಕೈಪಟ್ಟಿಗೇ ಹೆಸರು ಹೆಚ್ಚು. ಅಂಗೈಯಲ್ಲಿ ದನಿ ಇರುವವರು ಸುಮ್ಮನೆ ತಿರುಗಾಡಲಾಗುವುದಿಲ್ಲ. ಬಸ್ಸಿನಲ್ಲಿ ಕಂಬಿ ಹಿಡಿದರೆ ಪಕ್ಕದವರ ಕಿವಿಗೆ ಬೀಳುತ್ತದೆ, ಮಗುವಿನ ತಲೆ ಸವರಿದರೆ ಮಗು ಬೆಚ್ಚುತ್ತದೆ. ಅದಕ್ಕೇ ಒಳಗೆ ಅರಳೆ ತುಂಬಿ ದಪ್ಪಗೆ ಹೊಲಿದ ಪಟ್ಟಿ ಕಟ್ಟಿಕೊಳ್ಳುತ್ತಾರೆ. ಎಷ್ಟು ಅರಳೆ ತುಂಬಿದರೆ ಎಂಥ ದನಿ ಮುಚ್ಚುತ್ತದೆ ಎಂಬುದು ನನಗೆ ಕೈ ನೋಡಿಯೇ ಗೊತ್ತಾಗುತ್ತದೆ.

ನನ್ನ ತಮ್ಮ ಶಿವನಂಜ. ಅಪ್ಪ ಅವ್ವ ಬೇಗ ಹೋದ್ದರಿಂದ ಅವನನ್ನು ಸಾಕಿದ್ದು ನಾನೇ. ಗೋಲಿ ಸೋಡಾ ಮಾಡುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮಹಾ ನಗುವಿನವನು, ಕೆಲಸಗಳ್ಳ, ಹೊಟ್ಟೆಬಾಕ. ಮಧ್ಯಾಹ್ನ ಒಂದೂವರೆಗೆ ಊಟಕ್ಕೆ ಬರುತ್ತೇನೆ ಎಂದು ಹೇಳಿ ಎರಡಕ್ಕೆ ಬರುತ್ತಿದ್ದ. ನಾನು ತಟ್ಟೆ ಹಾಕಿ ಬಾಗಿಲಲ್ಲಿ ನಿಂತು, 'ಬಾರೋ, ಅನ್ನ ಆರ್ತದೆ' ಎಂದು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದೆ. ಒಂದು ದಿನ ಹಸಿರು ದಾರ ಮುಗಿದಿತ್ತು. ಊಟದ ಮೊದಲು ಎರಡು ಉಂಡೆ ತಂದುಕೊಡು ಎಂದು ಕಳಿಸಿದೆ. ಅವನು ಸಂತೆಪೇಟೆಗೆ ನಡೆಯಲು ಬೇಜಾರುಪಟ್ಟು, ಜೊತೆಗೆ ಕೆಲಸ ಮಾಡುತ್ತಿದ್ದ ಜವರನ ಸೈಕಲ್ಲನ್ನು ಕೇಳದೆ ತೆಗೆದುಕೊಂಡು ಹೋದ. ಜವರನ ಸೈಕಲ್ ಜವರನಿಗೆ ಪ್ರಾಣ. ವಾಪಸು ಬರುವಾಗ ಅಂಗಡಿ ಮುಂದೆ ಜವರ ಅಡ್ಡ ನಿಂತ, ಮಾತಿಗೆ ಮಾತು ಬೆಳೆಯಿತು, ಕೆನ್ನೆಗೆ ಒಂದು ಬಿಟ್ಟ. ಒಂದೇ ಏಟು. ನಂಜ ಹಿಂದಕ್ಕೆ ಬಿದ್ದ, ತಲೆ ಅಂಗಡಿಯ ಕಲ್ಲು ಮೆಟ್ಟಿಲಿಗೆ ಬಡಿಯಿತು. ನಾನು ಬಾಗಿಲಲ್ಲಿ ನಿಂತು ಅನ್ನ ಆರ್ತದೆ ಎಂದು ಕೂಗುತ್ತಲೇ ಇದ್ದೆ.

ಆ ಮೇಲೆ ಊರೆಲ್ಲ ಬಂದು ಸಮಾಧಾನ ಹೇಳಿದರು. ಹೆಂಗಸರು ಮುಖ್ಯವಾಗಿ ಹೇಳಿದ್ದು ಒಂದೇ: 'ಒಂದು ದಿನಾನೂ ಅವನ ಮೇಲೆ ಕೈ ಎತ್ತಿದವಳಲ್ಲ ನೀನು, ಆ ಪುಣ್ಯ ನಿಂಗದೆ.' ನಿಜ, ಎತ್ತಿರಲಿಲ್ಲ. ಎಷ್ಟು ಹಟ ಮಾಡಿದರೂ, ಹಾಲು ಚೆಲ್ಲಿದರೂ, ಸ್ಕೂಲು ತಪ್ಪಿಸಿದರೂ ಎತ್ತಲಿಲ್ಲ. ಈ ಊರಿನಲ್ಲಿ ಯಾರಿಗೂ ಹೊಡೆಯದವರ ಕೈಯಲ್ಲಿ ಯಾರೂ ಉಳಿಯುವುದಿಲ್ಲ. ಅವನು ಏಳು ವರ್ಷದವನಿದ್ದಾಗ ಬೆನ್ನಿಗೆ ಒಂದೇ ಒಂದು ಹಾಕಿ ಆಮೇಲೆ ಸುಮ್ಮನಿದ್ದಿದ್ದರೆ, 'ಅಕ್ಕಾ' ಅನ್ನುವ ಆ ಕೀಚು ದನಿಯಾದರೂ ನನ್ನ ಹತ್ತಿರ ಇರುತ್ತಿತ್ತು. ನಾನು ಎಷ್ಟೋ ಸಲ ಹೊಲಿಗೆ ನಿಲ್ಲಿಸಿ ನನ್ನ ಖಾಲಿ ಅಂಗೈಯನ್ನು ಕಿವಿಗೆ ಒತ್ತಿಕೊಂಡಿದ್ದೇನೆ. ಏನೂ ಇಲ್ಲ, ನನ್ನದೇ ರಕ್ತ ಓಡಾಡುವ ಸದ್ದು.

ಎಂಟು ವರ್ಷ ಹೀಗೇ ಕಳೆಯಿತು. ಆಗ ಜೈಲಿನಿಂದ ನನಗೆ ಕೈಪಟ್ಟಿಯ ಆರ್ಡರು ಬಂತು. ಅಳತೆಗೆಂದು ಒಬ್ಬೊಬ್ಬ ಕೈದಿಯೂ ಕಾಗದದ ಮೇಲೆ ಕೈಯಿಟ್ಟು ಸುತ್ತ ಪೆನ್ಸಿಲ್ ಎಳೆದು ಹೆಸರು ಬರೆದು ಕಳಿಸಿದ್ದ. ಅದರಲ್ಲಿ ಒಂದು ಜವರನದು. ಉದ್ದ ಬೆರಳು, ಅಗಲ ಅಂಗೈ, ಕಿರುಬೆರಳು ಸ್ವಲ್ಪ ಸೊಟ್ಟ. ಬಾಗಿಲು ಹಾಕಿಕೊಂಡು ಬಂದು ಆ ಕಾಗದಕ್ಕೆ ಕಿವಿ ಇಟ್ಟೆ. ಹುಚ್ಚೋ ಏನೋ. ಕಾಗದ ಕಾಗದವೇ. ಆದರೆ ನಂಜನ ಕೊನೆಯ ಮಾತು ಇನ್ನೂ ಎಲ್ಲೋ ಇದೆ, ಊರ ಹೊರಗಿನ ಆ ಗೋಡೆಯೊಳಗೆ ಒಬ್ಬನ ಬಲಗೈಯಲ್ಲಿದೆ ಎಂಬುದು ಅವತ್ತು ನನಗೆ ಮೊದಲ ಸಲ ಸರಿಯಾಗಿ ಹೊಳೆಯಿತು. ಅದನ್ನು ಕೇಳಲೇಬೇಕು ಎನ್ನಿಸಿತು.

ಪಟ್ಟಿಗಳನ್ನು ಒಯ್ಯಲು ಬಂದವರು ರೆಬೆಕ್ಕ ಟೀಚರು. ಮೂವತ್ತು ವರ್ಷ ಸರಕಾರಿ ಸ್ಕೂಲಿನಲ್ಲಿ ಪಾಠ ಮಾಡಿದವರು. ರಿಟೈರಾದ ದಿನ ಅವರ ಎರಡೂ ಕೈಯಲ್ಲಿ ನೂರೆಂಟು ಮಕ್ಕಳ ದನಿಯಿತ್ತಂತೆ, ಜಾತ್ರೆ ಗಲಾಟೆಯ ಹಾಗೆ ನಿದ್ದೆಗೆ ಬಿಡುತ್ತಿರಲಿಲ್ಲವಂತೆ. ಹಳೇ ಹಾಜರಿ ಪುಸ್ತಕ ಹಿಡಿದು ಮನೆಮನೆಗೆ ಹೋಗಿ, ಮೀಸೆ ಬಂದ ಗಂಡಸರ ಮುಂದೆ ಕೂತು, 'ನಿನಗೆ ಮಗ್ಗಿ ಬರಲಿಲ್ಲ ಅಂತ ಹೊಡೆದೆ ಕಣಪ್ಪ' ಎಂದು ಒಪ್ಪಿಕೊಂಡು ಒಂದೊಂದಾಗಿ ಖಾಲಿ ಮಾಡಿಕೊಂಡರು. ನೂರೆಂಟರಲ್ಲಿ ಇಬ್ಬರು ಸಿಕ್ಕಿಲ್ಲ, ಅವರ ದನಿ ಇನ್ನೂ ಎಡಗೈಯಲ್ಲಿದೆ. ಅಲ್ಲಿಂದ ಟೀಚರು ಶಿಬಿರ ನಡೆಸಲು ಶುರುಮಾಡಿದರು. ಕೈ ಎತ್ತದೆ ಬದುಕುವುದು ಹೇಗೆ, ಎತ್ತಿದ್ದನ್ನು ನೆಪವಿಲ್ಲದೆ ಹೇಳುವುದು ಹೇಗೆ ಎಂದು ಮೂರು ದಿನ ಕಲಿಸುವ ಶಿಬಿರ. ಒಮ್ಮೆ ಊರಿನ ಸಮುದಾಯ ಭವನದಲ್ಲಿ, ಒಮ್ಮೆ ಜೈಲಿನಲ್ಲಿ. ಸಂಬಳ ಯಾರಿಗೂ ಇಲ್ಲ. ಜಮಖಾನ ಹೊರಲು, ಊಟ ಬಡಿಸಲು, ಕೈದಿಗಳ ಜೊತೆ ಸುತ್ತಿನಲ್ಲಿ ಕೂರಲು ಮನಸ್ಸಿದ್ದವರು ಬರಬೇಕು.

'ನಾನು ಬರ್ತೀನಿ ಟೀಚರ್' ಎಂದೆ.

ಅವರು ನನ್ನನ್ನೇ ನೋಡಿದರು. ಊರಿನಲ್ಲಿ ಯಾರಿಗೆ ಗೊತ್ತಿಲ್ಲ, ನಾನು ಯಾರ ಅಕ್ಕ ಎಂದು. 'ಅಲ್ಲಿ ಜವರ ಇದಾನೆ ಚೆನ್ನಾಜಿ.'

'ಗೊತ್ತು.'

'ಬೈಯಕ್ಕೆ ಬರೋದಾದ್ರೆ ಬೇಡ. ಗಟ್ಟಿ ಇದೀಯಾ?'

'ಇದೀನಿ' ಎಂದೆ. ಬೈಯುವ ಮನಸ್ಸು ನನಗೆ ನಿಜಕ್ಕೂ ಇರಲಿಲ್ಲ. ನನಗೆ ಬೇಕಾಗಿದ್ದು ಬೇರೆ.

ಜೈಲಿನ ಗೇಟಿನಲ್ಲಿ ಹಯಾತ್ ಸಾಬರು ಎಂಬ ವಾರ್ಡರು ತಪಾಸಣೆ ಮಾಡುತ್ತಿದ್ದರು. ಟೈಲರ್ ಅಭ್ಯಾಸ, ನಾನು ಸೆರಗಿನಲ್ಲಿ ಸೂಜಿ ಸಿಕ್ಕಿಸಿಕೊಂಡೇ ಹೋಗಿದ್ದೆ. 'ಇದೇನಮ್ಮ ತಾಯಿ, ಆಯುಧ ತಂದಿದೀರಾ' ಎಂದು ಅದನ್ನು ಕಿತ್ತು ತಮ್ಮ ರಿಜಿಸ್ಟರಿನ ರಟ್ಟಿಗೆ ಚುಚ್ಚಿ ಇಟ್ಟುಕೊಂಡರು. ಆಮೇಲೆ ಪ್ರತಿ ಸಲವೂ ನಾನು ಮರೆಯುತ್ತಿದ್ದೆ, ಪ್ರತಿ ಸಲವೂ ಅವರು ಕೀಳುತ್ತಿದ್ದರು. ಒಳಗೆ ಮಗ್ಗದ ಶೆಡ್ಡಿನಲ್ಲಿ ಜಮಖಾನ ಹಾಸಿ ಸುತ್ತಲೂ ಕೂರಿಸಿದರು, ಹದಿನೆಂಟು ಜನ ಕೈದಿಗಳು, ನಾವು ನಾಲ್ವರು. ಟೀಚರ ಮೊದಲ ಪಾಠ ಎಂದರೆ ಕೈಹೆಸರು. ನಿಮ್ಮ ಕೈಗೆ ಹೊಡೆಯುವುದು ಬಿಟ್ಟು ಇನ್ನೇನು ಚೆನ್ನಾಗಿ ಬರುತ್ತದೋ ಅದನ್ನು ಹೆಸರಿನ ಮುಂದೆ ಸೇರಿಸಿ ಹೇಳಬೇಕು. ಮೂರು ದಿನವೂ ಅದೇ ಹೆಸರಿನಿಂದ ಕರೆಯಬೇಕು. ಹುಣಿಸೆ ಕುಟ್ಟುವ ದೊಡ್ಡಯ್ಯ, ಗಡ್ಡ ಹೆರೆಯುವ ಅನ್ವರ್, ಕಳೆ ಕೀಳುವ ಸಿದ್ದ. ನಾನು ಕಾಜಾ ಹೊಲಿಯುವ ಚೆನ್ನಾಜಿ ಎಂದೆ.

ಜವರ ನನ್ನ ಎದುರಿಗೇ ಕೂತಿದ್ದ. ಎಂಟು ವರ್ಷಕ್ಕೆ ಕೂದಲು ಅರ್ಧ ನೆರೆತಿತ್ತು. ನಾನು ಹೊಲಿದ ಪಟ್ಟಿ ಕಟ್ಟಿದ ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದ. ಅವನ ಸರದಿ ಬಂದಾಗ, 'ನನ್ ಕೈಗೆ ಬೇರೆ ಏನೂ ಬರಲ್ಲ ಟೀಚರ್' ಎಂದ. ಟೀಚರು ಬಿಡಲಿಲ್ಲ. ಕೊನೆಗೆ ನೆಲ ನೋಡುತ್ತ, 'ಸೋಡಾ ತುಂಬೋ ಜವರ' ಎಂದ. ಅವನು ತುಂಬುತ್ತಿದ್ದ, ಗೋಲಿ ಕೂರಿಸುತ್ತಿದ್ದವನು ನಂಜ.

ಎರಡನೇ ದಿನ ಕೇಳಿಸಿಕೊಳ್ಳುವ ಸುತ್ತು. ಇಬ್ಬಿಬ್ಬರು ಎದುರುಬದುರು ಕೂತು, ಒಬ್ಬರು ಪಟ್ಟಿ ಬಿಚ್ಚಿ ಅಂಗೈಯನ್ನು ಇನ್ನೊಬ್ಬರ ಕಿವಿಗೆ ಕೊಡಬೇಕು. ಕೇಳಿದವರು ಬುದ್ಧಿ ಹೇಳಬಾರದು, ಛೇ ಎನ್ನಬಾರದು, ಕೇಳಿದ ಮಾತನ್ನು ಹಾಗೇ ತಿರುಗಿ ಹೇಳಬೇಕು, ಅಷ್ಟೇ. ಹೊಡೆಸಿಕೊಂಡವರು ಜೈಲಿಗೆ ಬರುವುದು ಎಲ್ಲೋ ಒಬ್ಬಿಬ್ಬರು, ಆದ್ದರಿಂದ ಹೆಚ್ಚಿನವರಿಗೆ ನಾವು ಬದಲಿಗೆ ಕೂರುತ್ತಿದ್ದೆವು. ಅದರಿಂದ ದನಿ ಹೋಗದು, ಅಭ್ಯಾಸವಾಗುತ್ತದೆ. ಜವರನ ಎದುರಿಗೆ ಮಾತ್ರ ನಾನು ಬದಲಿಯಲ್ಲ. ಅವನು ಗಂಟು ಬಿಚ್ಚಲಾರದೆ ತಡವರಿಸಿದ. ನಾನು ಹಾಕಿದ ಗಂಟೇ, ನಾನೇ ಬಿಚ್ಚಿದೆ. ಆ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕಿವಿಗೆ ಇಟ್ಟುಕೊಂಡೆ. ಬೆವರಿನ ವಾಸನೆ. ಆಮೇಲೆ, ಅರ್ಧ ನಗುತ್ತ, ಬಾಯಲ್ಲಿ ಏನೋ ಅಗಿಯುತ್ತ:

'ಬಿಡೋ ಮಾರಾಯ, ಅಕ್ಕ ಊಟಕ್ಕೆ ಕಾಯ್ತಿರ್ತಾಳೆ.'

ಎಂಟು ವರ್ಷದ ಮೇಲೆ. ಅದೇ ದನಿ, ಅದೇ ಉದಾಸೀನ. ನಾನು ಅದನ್ನು ತಿರುಗಿ ಹೇಳಬೇಕಾಗಿತ್ತು, ಹೇಳಲಾಗಲಿಲ್ಲ. ಕೈ ಕೆಳಗಿಳಿಸಲೂ ಆಗಲಿಲ್ಲ. ಆ ಮಾತು ಮುಗಿದು ಮತ್ತೆ ಮೊದಲಿಂದ ಶುರುವಾಗುತ್ತಿತ್ತು. ಪ್ರತಿ ಸಲವೂ ಅವನು ಮನೆಗೆ ಹೊರಟಿದ್ದಾನೆ. ಈ ಕೈಯಲ್ಲಿ ಆ ಮಾತು ಇರುವವರೆಗೆ ನಂಜ ದಾರಿಯಲ್ಲಿದ್ದಾನೆ, ಇನ್ನೇನು ಬರುತ್ತಾನೆ. ಟೀಚರು ಬಂದು ಹೆಗಲು ಮುಟ್ಟುವವರೆಗೂ ನಾನು ಹಾಗೇ ಕೂತಿದ್ದೆನಂತೆ.

ಮೂರನೇ ದಿನ ಒಪ್ಪುವ ಸುತ್ತು. ಒಬ್ಬೊಬ್ಬರೂ ಎದ್ದು ತಾವು ಮಾಡಿದ್ದನ್ನು ಹೇಳಬೇಕು. ಯಾರಾದರೂ 'ಆದ್ರೆ' ಎಂದರೆ ಟೀಚರು ಚಾಕ್‌ಪೀಸಿನಿಂದ ನೆಲದ ಮೇಲೆ ಒಂದು ಗೆರೆ ಎಳೆಯುತ್ತಾರೆ, ಬೈಯುವುದಿಲ್ಲ, ಏನೂ ಇಲ್ಲ, ಒಂದು ಗೆರೆ. ಅದನ್ನು ನೋಡಿದರೆ ಹೇಳುವವರಿಗೇ ನಾಚಿಕೆಯಾಗುತ್ತಿತ್ತು. ಜವರ ಎದ್ದ. ನನ್ನ ಮುಖ ನೋಡಿ, 'ಅಕ್ಕ, ನಂಜನ್ನ ನಾನು ಹೊಡ್ದೆ' ಎಂದ. ಮುಂದಿನ ಮಾತಿಗೆ ಬಾಯಿ ತೆರೆದ. ಅವನು ಪೂರ್ತಿ ಹೇಳಿಬಿಡುತ್ತಾನೆ ಎಂದು ನನಗೆ ಗೊತ್ತಾಯಿತು. ಎಂಟು ವರ್ಷ ಅದನ್ನೇ ಬಾಯಿಪಾಠ ಮಾಡಿಕೊಂಡಿದ್ದವನ ಹಾಗೆ ನಿಂತಿದ್ದ. ಹೇಳಿಬಿಟ್ಟರೆ ದನಿ ಹೋಯಿತು. ನಿನ್ನೆಯಷ್ಟೇ ಸಿಕ್ಕ ತಮ್ಮ ಇವತ್ತು ಹೋಗಿಬಿಡುತ್ತಾನೆ.

'ಸೈಕಲ್ ಕೇಳ್ದೆ ತಗೊಂಡು ಹೋಗಿದ್ದು ಅವನದೂ ತಪ್ಪಲ್ವಾ?' ಎಂದು ನಾನು ಕೂತಲ್ಲಿಂದಲೇ ಅಂದುಬಿಟ್ಟೆ.

ಜವರ ತಬ್ಬಿಬ್ಬಾದ. 'ಹೌದು' ಎಂದ, 'ಕೇಳಿರ್ಲಿಲ್ಲ. ಆದ್ರೆ...' ಟೀಚರ ಚಾಕ್‌ಪೀಸು ನೆಲದ ಮೇಲೆ ಸರಿಯಿತು. ದನಿ ಉಳಿಯಿತು. ಶೆಡ್ಡಿನಲ್ಲಿದ್ದವರಿಗೆಲ್ಲ ಕಣ್ಣಲ್ಲಿ ನೀರು. ಸತ್ತವನ ಅಕ್ಕನೇ ಹೊಡೆದವನ ಪರವಾಗಿ ಮಾತಾಡುತ್ತಿದ್ದಾಳಲ್ಲ! ಹುಣಿಸೆ ಕುಟ್ಟುವ ದೊಡ್ಡಯ್ಯ ನನ್ನ ಕಾಲಿಗೇ ಬಿದ್ದ. ವಾಪಸು ಬರುವಾಗ ಟೀಚರು, 'ಎಂಥಾ ದೊಡ್ಡ ಮನಸ್ಸು ಕಣೆ ನಿಂದು' ಎಂದರು. ಸೆರಗಿಗೆ ಸೂಜಿ ಸಿಕ್ಕಿಸಿಕೊಂಡು ಮನೆಗೆ ಬಂದೆ.

ಆಮೇಲೆ ಮೂರು ವರ್ಷ, ಜೈಲಿನಲ್ಲಿ ಮೂರೋ ನಾಲ್ಕೋ ತಿಂಗಳಿಗೊಂದು ಶಿಬಿರ, ಮೊದಲನೆಯದೂ ಸೇರಿ ಒಟ್ಟು ಒಂಬತ್ತು. ಒಂದನ್ನೂ ತಪ್ಪಿಸಲಿಲ್ಲ. ಜಮಖಾನ ಒಗೆಯುವವಳು ನಾನು, ಮಂಡಕ್ಕಿ ಒಗ್ಗರಣೆ ಹಾಕುವವಳು ನಾನು. ಊರಿನ ಶಿಬಿರಗಳಲ್ಲಿ ಗಂಡ ಹೆಂಡತಿ ಜಗಳ ಬಿಡಿಸಿದೆ, ಅತ್ತೆ ಸೊಸೆಯರ ಕೈ ಹಗುರ ಮಾಡಿಸಿದೆ. ನೆಪ ಹೇಳಬಾರದು ಎಂದು ಊರಿಗೆಲ್ಲ ಪಾಠ ಹೇಳುತ್ತಿದ್ದವಳು ಜೈಲಿಗೆ ಹೋದಾಗ ಮಾತ್ರ ಜವರನಿಗೆ ನೆಪ ಕಟ್ಟಿಕೊಡುತ್ತಿದ್ದೆ. ಬಡಿಸುವಾಗ ಅವನ ತಟ್ಟೆಯ ಮುಂದೆ ಸ್ವಲ್ಪ ಹೊತ್ತು ಹೆಚ್ಚು ನಿಂತು, 'ಅವನು ನಿಂಗೆ ಏನೋ ಅಂದಿರ್ಬೇಕು ಕಣಪ್ಪ, ಅವನ ಬಾಯಿ ಅಷ್ಟು ಒಳ್ಳೇದಲ್ಲ' ಎನ್ನುತ್ತಿದ್ದೆ. ಇನ್ನೊಂದು ಸಲ, 'ಅವ್ವನ ಮೇಲೆ ಬೈದಿದ್ನೇನೋ.' ಮತ್ತೊಂದು ಸಲ, 'ಅವನೇ ಮೊದ್ಲು ಕಾಲರ್ ಹಿಡ್ದಿರ್ಬೇಕು, ನಿಂಗೆ ಜ್ಞಾಪಕ ಇಲ್ಲ.' ಮೊದಮೊದಲು ಜವರ, 'ಇಲ್ಲಕ್ಕ, ಹಂಗೇನೂ ಇಲ್ಲ' ಎಂದು ತಲೆ ಅಲ್ಲಾಡಿಸುತ್ತಿದ್ದ. ನಾನೇ ಹೇಳಿದ ಮೇಲೆ ಇರಬಹುದೇನೋ ಎಂದು ಆಮೇಲೆ ಯೋಚಿಸತೊಡಗಿದ. ಮೂರನೇ ದಿನ ಸುತ್ತಿನಲ್ಲಿ ಒಂದಲ್ಲ ಒಂದು ಆದ್ರೆ ಬಂದೇ ಬರುತ್ತಿತ್ತು.

ಹಾಗೆ ವರ್ಷಕ್ಕೆ ಮೂರು ಸಲ ನಂಜ ನನ್ನ ಕಿವಿಯಲ್ಲಿ ಮನೆಗೆ ಹೊರಡುತ್ತಿದ್ದ. ಶಿಬಿರದಿಂದ ಬಂದ ವಾರ ನಾನು ನಿಜಕ್ಕೂ ಕಾಯುತ್ತಿದ್ದೆ. ಮಧ್ಯಾಹ್ನ ಎರಡು ಹೊಡೆಯುವವರೆಗೆ ಊಟ ಮಾಡುತ್ತಿರಲಿಲ್ಲ. ಬೀದಿಯಲ್ಲಿ ಸೈಕಲ್ ಬೆಲ್ಲು ಕೇಳಿದರೆ ಹೊಲಿಗೆ ಮಿಷನ್ನಿನ ಪೆಡಲಿನ ಮೇಲಿದ್ದ ಕಾಲು ನಿಲ್ಲುತ್ತಿತ್ತು. ಆ ಮೇಲೆ ದನಿಯ ಗುಂಗು ಇಳಿದುಹೋಗಿ, ಮುಂದಿನ ಶಿಬಿರಕ್ಕೆ ಎಷ್ಟು ದಿನ ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದೆ. ಬಾರೋ ಅನ್ನ ಆರ್ತದೆ ಎಂಬ ಮಾತನ್ನು ಮಾತ್ರ ಅವನು ಹೋದ ಮೇಲೆ ಒಮ್ಮೆಯೂ ಆಡಿರಲಿಲ್ಲ. ಅದು ಬಾಯಿಗೇ ಬರುತ್ತಿರಲಿಲ್ಲ. ಟೀಚರು ಒಮ್ಮೆ ಪಾತ್ರೆ ತೊಳೆಯುವಾಗ ಕೇಳಿದರು: 'ಎಲ್ಲರ ಗೆರೆನೂ ಕಡಿಮೆ ಆಗ್ತಾ ಬಂತು, ಜವರಂದು ಮಾತ್ರ ಜಾಸ್ತಿ ಆಗ್ತಿದೆಯಲ್ಲ ಚೆನ್ನಾಜಿ, ಯಾಕೆ?' ನಾನು ತಳ ಹತ್ತಿದ ಪಾತ್ರೆಯನ್ನು ಇನ್ನೂ ಜೋರಾಗಿ ಉಜ್ಜಿದೆ.

ಹತ್ತನೇ ಶಿಬಿರದಲ್ಲಿ ಹೊಸಬರು ಕೆಲವರಿದ್ದರು. ಅದರಲ್ಲಿ ಲಾರಿ ಓಡಿಸುವ ಮಲ್ಲೇಗೌಡ ಎಂಬ ಒರಟ, ಒಪ್ಪುವ ಸುತ್ತಿನಲ್ಲಿ ಜವರನ ಪಕ್ಕದಲ್ಲೇ ಕೂತಿದ್ದ. ಜವರ ಎದ್ದು ನಿಂತ. ಅವತ್ತು ಅವನಿಗೆ ತಡವರಿಕೆಯೇ ಇರಲಿಲ್ಲ. ನೀರು ಕುಡಿದಷ್ಟು ಸಲೀಸಾಗಿ ಹೇಳಿದ. ನಂಜ ಎಂಬುವನೊಬ್ಬ ಇದ್ದ, ಕದ್ದು ಸೈಕಲ್ ಒಯ್ದ, ಕೇಳಿದ್ದಕ್ಕೆ ಅವ್ವನ ಮೇಲೆ ಬೈದ, ಮೈಮೇಲೆ ಬಿದ್ದು ಕಾಲರ್ ಹಿಡಿದ, ನಾನು ಬಿಡಿಸಿಕೊಳ್ಳಲು ಹೋಗಿ ಕೈ ತಾಗಿತು. ನೆಲದ ಮೇಲೆ ಟೀಚರು ಎಷ್ಟು ಗೆರೆ ಎಳೆದರೋ ನಾನು ಲೆಕ್ಕ ಹಾಕಲಿಲ್ಲ. ಅವನು ಹೇಳಿದ ಒಂದೊಂದು ಮಾತೂ ನಾನು ಅವನ ತಟ್ಟೆಗೆ ಬಡಿಸಿದ್ದೇ.

ಮಲ್ಲೇಗೌಡ ತೊಡೆ ತಟ್ಟಿ, 'ಹಂಗಾದ್ರೆ ಸರ್ಯಾಗೇ ಬಿದ್ದದೆ ಬಿಡು' ಎಂದ. 'ಅಂಥಾ ಪುಂಡನ್ಗೆ ಒಂದಲ್ಲ, ನಾನಾಗಿದ್ರೆ ನಾಕು ಬಿಡ್ತಿದ್ದೆ.'

ಇಬ್ಬರು ಮೂವರು ನಕ್ಕರು. ಜವರನೂ ಸ್ವಲ್ಪ ನಕ್ಕ.

ನನ್ನ ನಂಜನನ್ನು ಪುಂಡ ಎಂದರು. ಇರುವೆ ಕಚ್ಚಿದರೆ ಅದನ್ನು ಊದಿ ಬಿಡುತ್ತಿದ್ದವನು. ಅವನ ಒಂದು ಸಾಲು ದನಿಯನ್ನು ಉಳಿಸಿಕೊಳ್ಳಲು ಹೋಗಿ ಅವನನ್ನೇ ಹಾಳು ಮಾಡಿದ್ದೆ. ಹತ್ತು ಶಿಬಿರ ಹತ್ತು ನೆಪ ಸೇರಿ, ಈ ಶೆಡ್ಡಿನಲ್ಲಿ ಏಟು ತಿನ್ನಲು ಲಾಯಕ್ಕಾದ ಒಬ್ಬ ನಂಜ ಹುಟ್ಟಿಕೊಂಡಿದ್ದ. ಇನ್ನು ಈ ಜನ ಹೊರಗೆ ಹೋಗಿ ಊರಿಗೆಲ್ಲ ಆ ನಂಜನ ಕಥೆಯನ್ನೇ ಹೇಳುತ್ತಾರೆ. ನನಗೆ ನನ್ನ ಮೇಲೆ ಎಂಥ ಹೇಸಿಗೆ ಬಂತೆಂದರೆ, ಎದ್ದು ನಿಂತದ್ದೂ ಗೊತ್ತಾಗಲಿಲ್ಲ.

'ಸುಳ್ಳು' ಎಂದೆ. 'ಅವ್ವನ ಮೇಲೆ ಬೈದದ್ದೂ ಸುಳ್ಳು, ಕಾಲರ್ ಹಿಡಿದದ್ದೂ ಸುಳ್ಳು. ಎಲ್ಲ ನಾನು ಹೇಳ್ಕೊಟ್ಟಿದ್ದು.'

ಟೀಚರ ಕೈಯಲ್ಲಿ ಚಾಕ್‌ಪೀಸು ಹಾಗೇ ಇತ್ತು. 'ಯಾಕೆ ಚೆನ್ನಾಜಿ?' ಎಂದರು, ಸ್ಕೂಲಿನಲ್ಲಿ ಕೇಳುವ ಹಾಗೆ.

'ದನಿ ಹೋಗಿಬಿಡ್ತದೆ ಅಂತ.' ಅಷ್ಟು ಹೇಳುವುದರೊಳಗೆ ನನಗೆ ಅಳು ಬಂತು. 'ಅದು ಬಿಟ್ರೆ ನನ್ ಹತ್ರ ಅವಂದು ಏನೂ ಇಲ್ಲ ಟೀಚರ್.'

ಜವರ ತಲೆ ಹಿಡಿದುಕೊಂಡು ಕುಕ್ಕರಗಾಲಲ್ಲಿ ಕೂತುಬಿಟ್ಟ. 'ಅಕ್ಕ, ನಂಗೀಗ ಯಾವ್ದು ನಡೆದದ್ದು, ಯಾವ್ದು ನೀವು ಹೇಳಿದ್ದು ಅಂತ ಗೊತ್ತಾಗ್ತಿಲ್ಲ' ಎಂದ. 'ಕಾಲರ್ ಹಿಡ್ದಿದ್ದು ಕಣ್ಮುಂದೆ ಕಾಣ್ತದೆ ಅಕ್ಕ. ಅವನ ಬೆರಳು ಇಲ್ಲಿ ಒತ್ತಿದ್ದು ನೆನಪದೆ.'

ನಾನು ಅವನ ಎದುರಿಗೆ ಹೋಗಿ ಕೂತೆ. ಆ ಮಧ್ಯಾಹ್ನ ನಡೆದದ್ದನ್ನು ಸೋಡಾ ಅಂಗಡಿಯವರು ಕೋರ್ಟಿನಲ್ಲಿ ಹೇಳಿದ್ದರು, ನಾನು ಒಂದಕ್ಷರ ಮರೆತಿಲ್ಲ. 'ಜವರ, ಅವನ ಬಲಗೈ ಎಲ್ಲಿತ್ತು?' ಎಂದೆ.

ಬಹಳ ಹೊತ್ತು ಯೋಚಿಸಿದ. 'ಹ್ಯಾಂಡಲ್ ಮೇಲೆ.'

'ಎಡಗೈಯಲ್ಲಿ?'

'ದಾರ. ಹಸಿರು ದಾರದ ಉಂಡೆ, ಎರಡು.'

'ಮತ್ತೆ ಯಾವ ಕೈಯಲ್ಲಿ ನಿನ್ ಕಾಲರ್ ಹಿಡ್ದ?'

ಅವನು ಮುಖ ಮುಚ್ಚಿಕೊಂಡ. ನಾನು ಕಾದೆ. ಕಾಯುವುದು ನನಗೆ ಹೊಸದಲ್ಲ. ಕೊನೆಗೆ ಅವನು ಪಟ್ಟಿ ಬಿಚ್ಚಿ ಕೈಯನ್ನು ನನ್ನ ಮುಂದೆ ಹಿಡಿದು, 'ಒಂದ್ಸಲ ಕೇಳ್ಕೊಳ್ಳಿ ಅಕ್ಕ, ಆಮೇಲೆ ಹೇಳ್ತೀನಿ' ಎಂದ. ಬೇಡ ಎನ್ನುವಷ್ಟು ದೊಡ್ಡವಳಲ್ಲ ನಾನು. ಕೇಳಿದೆ. ಬಿಡೋ ಮಾರಾಯ, ಅಕ್ಕ ಊಟಕ್ಕೆ ಕಾಯ್ತಿರ್ತಾಳೆ. ಬಾಯಲ್ಲಿ ಅಗಿಯುತ್ತಿದ್ದದ್ದು ಏನೆಂದು ಅವತ್ತು ಗೊತ್ತಾಯಿತು, ಹುರಿಗಡಲೆ. ದಾರದ ಚಿಲ್ಲರೆಯಲ್ಲಿ ಕೊಂಡಿರಬೇಕು, ಕಳ್ಳ. ಇನ್ನೊಂದು ಸಲ ಕೇಳಿದೆ. ಮತ್ತೂ ಒಂದು ಸಲ. ಆಮೇಲೆ ನಾನೇ ಆ ಕೈಯನ್ನು ಕಿವಿಯಿಂದ ತೆಗೆದು ಅವನ ಮಡಿಲಲ್ಲಿ ಇಟ್ಟೆ.

ಜವರ ಹೇಳಿದ. 'ಅಕ್ಕ, ನಂಜ ಸೈಕಲ್ ಹಿಡ್ಕೊಂಡು ನಗ್ತಾ ನಿಂತಿದ್ದ. ಊಟಕ್ಕೆ ಹೋಗ್ಬೇಕು ಬಿಡು ಅಂದ. ನಂಗೆ ಅವನ ನಗು ಕಂಡು ಉರಿ ಹತ್ತಿತು. ಹೊಡ್ದೆ. ಎರಡೂ ಕೈ ತುಂಬಿತ್ತು ಅವಂದು, ತಡ್ಕೊಳ್ಳಕ್ಕೂ ಆಗ್ಲಿಲ್ಲ. ಬಿದ್ದ. ನಾನೇ ಹೊಡ್ದಿದ್ದು.' ಅಷ್ಟೇ. ಟೀಚರು ಗೆರೆ ಎಳೆಯಲಿಲ್ಲ. ಅವನು ಮೆಲ್ಲಗೆ ಕೈಯೆತ್ತಿ ತನ್ನ ಕಿವಿಗೆ ಇಟ್ಟುಕೊಂಡ. ಆಮೇಲೆ ಇನ್ನೊಂದು ಕಿವಿಗೆ. ಆಮೇಲೆ ಹೆದರಿದವನ ಹಾಗೆ ನನ್ನ ಕಿವಿಗೆ ಒತ್ತಿದ. ಬೆವರಿನ ವಾಸನೆ, ರಕ್ತ ಓಡಾಡುವ ಸದ್ದು, ಅಷ್ಟೇ.

'ಹೋದ' ಎಂದೆ.

ನನ್ನ ತಮ್ಮ ಸತ್ತಿದ್ದು ಹನ್ನೊಂದು ವರ್ಷದ ಹಿಂದೆ. ನನಗೆ ತಿಳಿದದ್ದು ಆ ಕ್ಷಣದಲ್ಲಿ. ಜವರ ತನ್ನ ಬರಿಗೈಯನ್ನೇ ನೋಡುತ್ತ, 'ಹನ್ನೊಂದು ವರ್ಷ ಇದರ ಜೊತೇಲೇ ಮಲಗಿದೀನಿ ಅಕ್ಕ' ಎಂದ. 'ಸಾಯೋ ಹಂಗಾಗ್ತಿತ್ತು, ಹೋದ್ರೆ ಸಾಕು ಅಂತಿದ್ದೆ. ಈಗ ಹಿಂಗೆ ಸುಮ್ನಾಗಿಬಿಟ್ಟದಲ್ಲ...' ಮಾತು ಮುಗಿಸದೆ ಗೊಳೋ ಎಂದು ಅತ್ತ. ಕ್ಷಮಿಸಿದೆ ಎಂದು ನಾನು ಹೇಳಲಿಲ್ಲ. ಇವತ್ತಿಗೂ ಹೇಳಿಲ್ಲ, ಅದು ನನ್ನಿಂದ ಆಗುತ್ತದೋ ಇಲ್ಲವೋ ಗೊತ್ತಿಲ್ಲ. ಆದರೆ ಈ ಪ್ರಪಂಚದಲ್ಲಿ ಆ ದನಿ ಹೇಗಿತ್ತು ಎಂದು ಬಲ್ಲವರು ಇನ್ನು ನಾವಿಬ್ಬರೇ, ಅದು ಮಾತ್ರ ನನಗೆ ಗೊತ್ತಿತ್ತು.

ಊಟದ ಗಂಟೆ ಹೊಡೆಯಿತು. ಒಂದೂವರೆ. ಕೈದಿಗಳು ಒಬ್ಬೊಬ್ಬರೇ ಎದ್ದು ಸಾಲಾಗಿ ಕೂತರು, ಮಲ್ಲೇಗೌಡ ತಾನಾಗಿಯೇ ನೀರು ಕೊಡಲು ನಿಂತ. ಟೀಚರು ನನ್ನನ್ನು ಬಡಿಸಲು ಕರೆಯಲಿಲ್ಲ, ನಾನೇ ಎದ್ದು ಅನ್ನದ ಬುಟ್ಟಿ ತೆಗೆದುಕೊಂಡೆ. ಸಾಲಿನುದ್ದಕ್ಕೂ ಬಡಿಸುತ್ತ ಬಂದೆ. ಜವರನ ತಟ್ಟೆ ಇತ್ತು, ಜವರ ಇರಲಿಲ್ಲ. ಅವನು ಆ ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಕೂತೇ ಇದ್ದ. ತಟ್ಟೆಗೆ ಅನ್ನ ಹಾಕಿದೆ, ಸಾರು ಬಿಟ್ಟೆ, ಹಬೆ ಏಳುತ್ತಿತ್ತು. ಸ್ವಲ್ಪ ಹೊತ್ತು ನೋಡಿದೆ, ಅವನು ಅಲ್ಲಾಡಲಿಲ್ಲ.

'ಬಾರೋ' ಎಂದು ಕೂಗಿದೆ, ಶೆಡ್ಡಿಗೆಲ್ಲ ಕೇಳುವಂತೆ. 'ಅನ್ನ ಆರ್ತದೆ.'